ಶೂ ಲೇಸು: ಎಲ್ಲಿ ಬಿಗಿ, ಎಲ್ಲಿ ಸಡಿಲ?

ಪ್ರಶ್ನೆ: ನನಗೆ 47 ವರ್ಷ, ಶಿವಮೊಗ್ಗದವಳು. ಕೆಲವು ತಿಂಗಳಿಂದ ಬೆಳಿಗ್ಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತೇನೆ, ಮಧ್ಯೆ ಸ್ವಲ್ಪ ಓಡುತ್ತೇನೆ. ಓಟಕ್ಕೆಂದೇ ಇರುವ ಶೂ ತೆಗೆದುಕೊಂಡಿದ್ದೇನೆ. ಪ್ರತಿ ಪಕ್ಕದಲ್ಲಿ ಏಳು ತೂತುಗಳಿವೆ, ಲೇಸು ದುಂಡಗಿದೆ. ಎಷ್ಟೇ ಗಟ್ಟಿಯಾಗಿ ಕಟ್ಟಿದರೂ ಮೊದಲ ಕಿಲೋಮೀಟರ್‌ನಲ್ಲೇ ಯಾವುದಾದರೊಂದು ಕಾಲಿನದು ಬಿಚ್ಚಿಕೊಳ್ಳುತ್ತದೆ. ಎರಡೆರಡು ಗಂಟು ಹಾಕಿದರೆ ಕಗ್ಗಂಟಾಗಿ ಬಿಚ್ಚಲು ಬರುವುದಿಲ್ಲ. ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಆಡುತ್ತದೆ ಎಂದು ಇನ್ನೂ ಬಿಗಿದರೆ, ಇಪ್ಪತ್ತು ನಿಮಿಷಕ್ಕೆ ಪಾದದ ಮೇಲ್ಭಾಗ ನೋಯುತ್ತದೆ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಮಧ್ಯೆ ಜೋಮು ಹಿಡಿಯುತ್ತದೆ. ಇದೇ ಶೂನಲ್ಲಿ ಕುಮಾರ ಪರ್ವತ ಹತ್ತಿ ಇಳಿದ ಮೇಲೆ ಹೆಬ್ಬೆರಳ ಉಗುರು ಕಪ್ಪಾಗಿದೆ. ಜೊತೆಯವರು ‘ಕೊನೆಯ ತೂತು ಸುಮ್ಮನೆ ಅಲಂಕಾರಕ್ಕೆ’, ‘ಒಂದು ಸೈಜು ದೊಡ್ಡದು ತಗೋಬೇಕಿತ್ತು’, ‘ಬಿಗಿಯಾಗಿದ್ದಷ್ಟೂ ಕಾಲು ಉಳುಕಲ್ಲ’ ಎನ್ನುತ್ತಾರೆ. ಲೇಸು ಪೋಣಿಸುವ ಬಗೆ ನೂರಾರು ಇವೆಯಂತೆ. ಅವುಗಳಲ್ಲಿ ನನಗೆ ಬೇಕಾದದ್ದು ಯಾವುದು?

ಉತ್ತರ: ನೀವು ನಾಲ್ಕು ತೊಂದರೆ ಬರೆದಿದ್ದೀರಿ. ನನಗೆ ಅವು ಒಂದರಿಂದ ಒಂದು ಹುಟ್ಟಿದಂತೆ ಕಾಣುತ್ತವೆ. ಗಂಟು ನಿಲ್ಲುವುದಿಲ್ಲ, ಹಿಮ್ಮಡಿ ಏಳುತ್ತದೆ ಎಂದು ನೀವು ಇಡೀ ಲೇಸನ್ನು ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಬಿಗಿಯುತ್ತಿದ್ದೀರಿ. ಹಿಮ್ಮಡಿಯನ್ನು ಹಿಡಿಯಬೇಕಾದ ಜಾಗ ಕಣಕಾಲಿನ ಮಡಿಕೆ. ನಿಮ್ಮ ಬಿಗಿ ಬೀಳುತ್ತಿರುವುದು ಪಾದದ ಮೇಲ್ಭಾಗದಲ್ಲಿ. ಅಲ್ಲಿ ನರ ಒತ್ತಿ ಜೋಮು ಹಿಡಿಯುತ್ತದೆ, ಹಿಮ್ಮಡಿ ಮಾತ್ರ ಮೊದಲಿನ ಹಾಗೇ ಆಡುತ್ತಿರುತ್ತದೆ. ಪಾದ ನಿಲ್ಲದ ಕಾರಣ ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಬೆರಳು ಗುದ್ದುತ್ತದೆ. ಪಾದದ ಒಂದೊಂದು ಭಾಗಕ್ಕೆ ಒಂದೊಂದು ಹದದ ಬಿಗಿ ಬೇಕು. ಪೋಣಿಸುವ ಬಗೆಯನ್ನು ಬದಲಿಸುವುದು ಅದಕ್ಕಾಗಿ.

ನೂರಾರು ಬಗೆಗಳ ವಿಚಾರ ಮೊದಲು ಮುಗಿಸುತ್ತೇನೆ, ಏಕೆಂದರೆ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಬಹುಪಾಲು ಬಗೆಗಳ ವ್ಯತ್ಯಾಸ ನೋಟದ್ದು ಮಾತ್ರ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಗಣಿತಜ್ಞ ಬರ್ಕಾರ್ಡ್ ಪೋಲ್‌ಸ್ಟರ್ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಲೆಕ್ಕ ಮಾಡಿ ತೋರಿಸಿದರು. ಎರಡು ಪಕ್ಕಗಳನ್ನು ಹತ್ತಿರ ಎಳೆಯುವ ಬಲದಲ್ಲಿ ಎಲ್ಲರೂ ಬಳಸುವ ಅಡ್ಡಾದಿಡ್ಡಿ ಹೆಣಿಗೆ ಮತ್ತು ಏಣಿಮೆಟ್ಟಿಲಿನಂತೆ ನೇರವಾಗಿ ಬರುವ ಹೆಣಿಗೆ, ಇವೆರಡೇ ಮುಂದು. ನಿಮ್ಮ ಶೂನಲ್ಲಿ ಈಗಿರುವ ಅಡ್ಡಾದಿಡ್ಡಿ ಹೆಣಿಗೆಯಲ್ಲಿ ತಪ್ಪಿಲ್ಲ. ಅದನ್ನು ಪೂರ್ತಿ ಕಿತ್ತು ಹೊಸದು ಕಲಿಯಬೇಕಿಲ್ಲ. ಎರಡು ಜಾಗದಲ್ಲಿ ತಿದ್ದಿ, ಗಂಟನ್ನು ಸರಿಮಾಡಿಕೊಂಡರೆ ಸಾಕು.

ಗಂಟಿನಿಂದ ಶುರು ಮಾಡೋಣ. ಈಗ ಕಟ್ಟಿರುವ ಶೂ ಹಾಕಿಕೊಂಡೇ ಮೇಲಿನಿಂದ ನೋಡಿ. ಎರಡು ಕುಣಿಕೆಗಳು ಶೂಗೆ ಅಡ್ಡಲಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಮಲಗಿವೆಯೇ? ಅಥವಾ ಓರೆಯಾಗಿ, ಒಂದು ಬೆರಳಿನ ಕಡೆಗೆ ಒಂದು ಕಣಕಾಲಿನ ಕಡೆಗೆ ತಿರುಗಿವೆಯೇ? ಓರೆಯಾಗಿದ್ದರೆ ನಿಮ್ಮ ಗಂಟು ತಿರುಚುಗಂಟು. ಎಷ್ಟು ಗಟ್ಟಿಯಾಗಿ ಎಳೆದರೂ ಅದು ಬಿಚ್ಚಿಕೊಳ್ಳುವುದೇ. ನೀವು ಬರೆದಿರುವ ಲಕ್ಷಣ ನೋಡಿದರೆ ಹಾಗೇ ಇರುವ ಸಾಧ್ಯತೆ ಹೆಚ್ಚು.

ಕಾರಣ ಇಷ್ಟು. ಲೇಸಿನ ಗಂಟು ಎರಡು ಹಂತದ್ದು: ಮೊದಲು ಎರಡು ತುದಿಗಳನ್ನು ದಾಟಿಸಿ ಒಂದರ ಕೆಳಗೆ ಒಂದು ತೂರಿಸಿ ಎಳೆಯುತ್ತೇವೆ, ಆಮೇಲೆ ಕುಣಿಕೆ ಮಾಡಿ ಸುತ್ತಿ ಇನ್ನೊಂದು ಕುಣಿಕೆ ತೆಗೆಯುತ್ತೇವೆ. ಈ ಎರಡು ತಿರುವುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿದ್ದರೆ ಗಂಟು ಚಪ್ಪಟೆಯಾಗಿ ಕೂತು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಎಳೆತ ಬಿದ್ದಾಗಲೆಲ್ಲ ತಿರುಚಿಕೊಂಡು ಸಡಿಲವಾಗುತ್ತದೆ. ಪರಿಹಾರಕ್ಕೆ ಒಂದೇ ಹಂತ ಬದಲಿಸಿ, ಮೊದಲನೆಯದನ್ನು. ಈಗ ಬಲಗೈಯ ತುದಿಯನ್ನು ಎಡಗೈಯದರ ಮೇಲೆ ತರುತ್ತಿದ್ದರೆ ಇನ್ನು ಮುಂದೆ ಎಡದ್ದನ್ನು ಬಲದ್ದರ ಮೇಲೆ ತನ್ನಿ. ಕುಣಿಕೆ ಹಾಕುವುದು ಕೈಗೆ ರೂಢಿಯಾಗಿರುವ ಹಾಗೇ ಇರಲಿ. ಎರಡನ್ನೂ ಬದಲಿಸಿದರೆ ಮತ್ತೆ ತಿರುಚುಗಂಟೇ ಬರುತ್ತದೆ, ಎಷ್ಟೋ ಜನ ಎಡವುವುದು ಇಲ್ಲೇ. ಕಟ್ಟಿದ ಮೇಲೆ ಕುಣಿಕೆಗಳು ಅಡ್ಡಲಾಗಿ ಮಲಗಿದರೆ ಸರಿಯಾಯಿತು ಎಂದೇ ಅರ್ಥ. ಮಕ್ಕಳಿಗೆ ಸ್ಕೂಲ್ ಶೂ ಕಟ್ಟಲು ಕಲಿಸುವಾಗಲೇ ಇದನ್ನು ತೋರಿಸಿಕೊಟ್ಟರೆ ಒಳ್ಳೆಯದು. ಕೈ ಒಮ್ಮೆ ತಪ್ಪು ಕಲಿತರೆ ತಿದ್ದಲು ವಾರಗಟ್ಟಲೆ ಬೇಕು.

ಓಡುವಾಗ ಗಂಟು ಬಿಚ್ಚುವ ಬಗೆಯನ್ನು ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಆಲಿವರ್ ಓರೈಲಿ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು ವೇಗದ ಕ್ಯಾಮೆರಾ ಇಟ್ಟು ನೋಡಿ 2017ರಲ್ಲಿ ಪ್ರಕಟಿಸಿದ್ದಾರೆ. ಓಡುವಾಗ ಕಾಲು ನೆಲಕ್ಕೆ ಬಡಿಯುವ ಹೊಡೆತ ಗುರುತ್ವಾಕರ್ಷಣೆಯ ಸುಮಾರು ಏಳು ಪಟ್ಟು. ಪ್ರತಿ ಹೊಡೆತಕ್ಕೂ ಗಂಟು ಹಿಗ್ಗಿ ಕುಗ್ಗಿ ಸಡಿಲವಾಗುತ್ತದೆ. ಅದೇ ವೇಳೆಗೆ ಬೀಸುವ ಕಾಲು ಲೇಸಿನ ತುದಿಗಳನ್ನು ಚಾಟಿಯಂತೆ ಬೀಸಿ ಹೊರಗೆಳೆಯುತ್ತದೆ. ಎರಡೂ ಸೇರಿದರೇನೇ ಗಂಟು ಬಿಚ್ಚುವುದು. ಮೇಜಿನ ಮೇಲೆ ಕೂತು ಬರೀ ಕಾಲು ಬೀಸಿದರೂ ಬಿಚ್ಚುವುದಿಲ್ಲ, ನಿಂತಲ್ಲೇ ನೆಲಕ್ಕೆ ಬಡಿದರೂ ಬಿಚ್ಚುವುದಿಲ್ಲ. ಒಮ್ಮೆ ಜಾರಲು ಶುರುವಾದರೆ ಮಾತ್ರ ಒಂದೆರಡು ಹೆಜ್ಜೆಯಲ್ಲಿ ಪೂರ್ತಿ ಬಿಚ್ಚಿಹೋಗುತ್ತದೆ. ಅದಕ್ಕೇ ಅದು ‘ಇದ್ದಕ್ಕಿದ್ದಂತೆ’ ಬಿಚ್ಚಿದಂತೆ ಅನ್ನಿಸುವುದು. ಚಪ್ಪಟೆ ಗಂಟೂ ಕೆಲವೊಮ್ಮೆ ಬಿಚ್ಚುತ್ತದೆ, ತಿರುಚುಗಂಟಿಗಿಂತ ಬಹಳ ಕಡಿಮೆ ಅಷ್ಟೆ.

ಇದರಿಂದ ನಿಮಗೆ ಎರಡು ಉಪಯೋಗ. ಒಂದು, ತುದಿಗಳು ಉದ್ದವಾಗಿ ನೇತಾಡಬಾರದು. ಅದೇ ಅಧ್ಯಯನದಲ್ಲಿ ತುದಿಗಳಿಗೆ ತೂಕ ಕಟ್ಟಿದಾಗ ಗಂಟುಗಳು ಹೆಚ್ಚು ಬಿಚ್ಚಿದವು. ಕಟ್ಟಿದ ಮೇಲೆ ಕುಣಿಕೆ ಐದು ಸೆಂಟಿಮೀಟರ್ ಆಸುಪಾಸು, ತುದಿ ಅದಕ್ಕಿಂತ ತುಸು ಕಡಿಮೆ ಇರಲಿ. ತುಂಬಾ ಉಳಿದರೆ ಕತ್ತರಿಸಬೇಡಿ. ತುದಿಯ ಪ್ಲಾಸ್ಟಿಕ್ ಹೋದರೆ ಎಳೆ ಬಿಚ್ಚಿ ತೂತಿಗೆ ಹೋಗುವುದಿಲ್ಲ. ಈಗಿರುವ ಲೇಸನ್ನು ಅಳೆದು, ಅದಕ್ಕಿಂತ 10 ಅಥವಾ 20 ಸೆಂಟಿಮೀಟರ್ ಚಿಕ್ಕದು ತನ್ನಿ. ಏಳು ಜೊತೆ ತೂತುಗಳನ್ನೂ ಬಳಸುವ ಓಟದ ಶೂಗೆ ಸಾಮಾನ್ಯವಾಗಿ 120 ಸೆಂಟಿಮೀಟರ್ ಸುಮಾರಿನ ಲೇಸು ಹೊಂದುತ್ತದೆ. ಆದರೆ ಕೆಳಗೆ ಹೇಳುವ ಹಿಮ್ಮಡಿ ಕಟ್ಟು ಒಂದಷ್ಟು ಲೇಸು ತಿನ್ನುತ್ತದೆ. ಅದನ್ನು ಕಟ್ಟಿ ನೋಡಿದ ಮೇಲೆಯೇ ಅಳೆಯಿರಿ.

ಎರಡು, ದುಂಡಗಿನ ನುಣುಪು ಪಾಲಿಯೆಸ್ಟರ್ ಲೇಸಿಗೆ ಹಿಡಿತ ಕಡಿಮೆ. ‘ದುಂಡಗಿನದು ಗಟ್ಟಿ’ ಎಂಬ ಮಾತು ಸವೆತದ ಮಟ್ಟಿಗೆ ನಿಜವಾಗಬಹುದು, ಗಂಟಿನ ಮಟ್ಟಿಗಲ್ಲ. ಚಪ್ಪಟೆ ಅಥವಾ ಸ್ವಲ್ಪ ದೊರಗಿನ ಲೇಸು ಗಂಟನ್ನು ಚೆನ್ನಾಗಿ ಹಿಡಿಯುತ್ತದೆ. ಹತ್ತಿಯದು ಹಿಡಿತದಲ್ಲಿ ಮುಂದು, ಆದರೆ ನಿಮ್ಮ ಕಡೆಯ ಮಳೆಗಾಲಕ್ಕೆ ಅದನ್ನು ಹೇಳಲಾರೆ. ನೆಂದರೆ ಊದಿ ಕಗ್ಗಂಟಾಗುತ್ತದೆ, ಬೇಗ ಒಣಗುವುದೂ ಇಲ್ಲ. ಚಪ್ಪಟೆ ಪಾಲಿಯೆಸ್ಟರ್ ತೆಗೆದುಕೊಳ್ಳಿ.

ಇಷ್ಟಾದ ಮೇಲೂ ಬಿಚ್ಚಿದರೆ ಗಂಟಿನ ಮೇಲೆ ಗಂಟು ಹಾಕುವ ಬದಲು ಹೀಗೆ ಮಾಡಿ: ಮೊದಲ ಕುಣಿಕೆ ಮಾಡಿ, ಇನ್ನೊಂದು ತುದಿಯನ್ನು ಅದರ ಸುತ್ತ ಒಂದು ಸುತ್ತಿನ ಬದಲು ಎರಡು ಸುತ್ತು ತಂದು, ಎರಡೂ ಸುತ್ತುಗಳ ಕೆಳಗಿಂದ ಎರಡನೆಯ ಕುಣಿಕೆ ತೆಗೆಯಿರಿ. ಎರಡು ಕುಣಿಕೆಗಳನ್ನೂ ಒಂದೇ ಸಲ, ಸಮನಾಗಿ ಎಳೆಯಿರಿ. ದೂರದ ಓಟಕ್ಕೆ ಸಾಕಾಗುವಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ತುದಿ ಎಳೆದರೆ ಮಾಮೂಲಿನಂತೆ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಕುಣಿಕೆ ಎಳೆದರೆ ಮಾತ್ರ ಸಿಕ್ಕುತ್ತದೆ.

ಈಗ ಜೋಮು. ಇದು ನಿಮ್ಮ ಪತ್ರದಲ್ಲಿ ನಾನು ಹೆಚ್ಚು ಗಮನ ಕೊಟ್ಟ ಸಾಲು, ಏಕೆಂದರೆ ಜಾಗವನ್ನು ಅಷ್ಟು ನಿಖರವಾಗಿ ಬರೆದಿದ್ದೀರಿ. ಕಣಕಾಲಿನ ಮುಂದಿನಿಂದ ಪಾದದ ಮೇಲ್ಭಾಗಕ್ಕೆ ಇಳಿದುಬರುವ ಒಂದು ನರ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಚರ್ಮಕ್ಕೆ ಸ್ಪರ್ಶ ಕೊಡುತ್ತದೆ. ಅದು ಸಾಗುವ ದಾರಿ ಲೇಸಿನ ಹೆಣಿಗೆಯ ನೇರ ಕೆಳಗಿದೆ. ಬೆರಳುಗಳನ್ನು ಮೇಲೆತ್ತುವ ಸ್ನಾಯುರಜ್ಜುಗಳೂ ಅಲ್ಲೇ ಹಾದುಹೋಗುತ್ತವೆ. ಪಾದದ ಮೇಲ್ಭಾಗದಲ್ಲಿ ಕೊಬ್ಬಿನ ಮೆತ್ತೆ ತೀರಾ ತೆಳು, ಹಾಗಾಗಿ ಲೇಸು ಒಂದರ ಮೇಲೊಂದು ದಾಟುವ ಕಡೆ ಒತ್ತಡ ನೇರವಾಗಿ ನರಕ್ಕೂ ಮೂಳೆಗೂ ತಾಗುತ್ತದೆ. ನಡೆಯುತ್ತಾ ಪಾದ ಸ್ವಲ್ಪ ಊದುತ್ತದೆ, ಆದ್ದರಿಂದ ಹೊರಟಾಗ ಸರಿಯಿದ್ದ ಬಿಗಿ ಇಪ್ಪತ್ತನೇ ನಿಮಿಷಕ್ಕೆ ಹೆಚ್ಚಾಗುತ್ತದೆ.

ಪರೀಕ್ಷೆ ಸುಲಭ. ಜೋಮು ಶುರುವಾದ ಕೂಡಲೇ ನಿಂತು ಲೇಸು ಸಡಿಲಿಸಿ. ಕೆಲವೇ ನಿಮಿಷಗಳಲ್ಲಿ ಹೋದರೆ ತಪ್ಪು ಲೇಸಿನದು. ಶೂನ ನಾಲಿಗೆಯನ್ನೂ ನೋಡಿ. ಅದು ಒಂದು ಪಕ್ಕಕ್ಕೆ ಜಾರಿ ಮಡಚಿಕೊಂಡಿದ್ದರೆ ಆ ಮಡಿಕೆಯೇ ಒತ್ತುತ್ತಿರಬಹುದು. ನಾಲಿಗೆಯ ಮಧ್ಯೆ ಲೇಸು ತೂರಿಸುವ ಪಟ್ಟಿ ಇದ್ದರೆ ಅದನ್ನು ಬಿಡದೆ ಬಳಸಿ.

ಪರಿಹಾರಕ್ಕೆ ಕಿಟಕಿ ಹೆಣಿಗೆ ಎನ್ನಬಹುದು. ನೋಯುವ ಜಾಗದ ಮೇಲೆ ಲೇಸು ದಾಟದಂತೆ ಒಂದು ಚೌಕ ಬಿಡುವುದು. ಶೂ ಹಾಕಿಕೊಂಡು ನೋಯುವ ಜಾಗ ಒತ್ತಿ ನೋಡಿ, ಅದು ಯಾವ ಎರಡು ಜೊತೆ ತೂತುಗಳ ಮಧ್ಯೆ ಬರುತ್ತದೆ ಎಂದು ಗುರುತಿಸಿ. ಕೆಳಗಿನಿಂದ ಎಣಿಸಿ ಮೂರು ಮತ್ತು ನಾಲ್ಕರ ಮಧ್ಯೆ ಎಂದಿಟ್ಟುಕೊಳ್ಳಿ. ಲೇಸನ್ನು ಮೂರನೆಯ ಜೊತೆಯವರೆಗೆ ಬಿಚ್ಚಿ. ಅಲ್ಲಿಂದ ಎರಡೂ ತುದಿಗಳನ್ನು ದಾಟಿಸದೆ, ಆಯಾ ಪಕ್ಕದಲ್ಲೇ ಹೊರಗಿನಿಂದ ನೇರವಾಗಿ ಮೇಲಕ್ಕೆ ತಂದು ನಾಲ್ಕನೆಯ ತೂತಿಗೆ ಮೇಲಿನಿಂದ ಕೆಳಕ್ಕೆ ಹಾಕಿ. ಆಮೇಲೆ ನಾಲಿಗೆಯ ಮೇಲೆ ಎರಡನ್ನೂ ದಾಟಿಸಿ, ಎದುರು ಪಕ್ಕದ ಐದನೆಯ ತೂತಿನಿಂದ ಮೇಲಕ್ಕೆ ತೆಗೆಯಿರಿ. ಅಲ್ಲಿಂದ ಮೇಲೆ ಮೊದಲಿನಂತೆ. ಕಿಟಕಿ ಒಂದೇ ಇರಲಿ. ಎರಡು ಮೂರು ಬಿಟ್ಟರೆ ಪಾದದ ನಡುಭಾಗ ಶೂ ಒಳಗೆ ಅಲ್ಲಾಡುತ್ತದೆ, ಉಳಿದ ದಾಟುಗಳ ಮೇಲೆ ಭಾರ ಹೆಚ್ಚಿ ನೋವು ಅಲ್ಲಿಗೆ ವರ್ಗವಾಗುತ್ತದೆ.

ಪಾದದ ಮೇಲ್ಭಾಗವೇ ಎತ್ತರವಾಗಿದ್ದು, ಒಂದು ಜಾಗವೆಂದಿಲ್ಲದೆ ಎಲ್ಲ ಕಡೆ ಒತ್ತುವವರಿಗೆ ಏಣಿಯಂತಹ ನೇರ ಹೆಣಿಗೆ ವಾಸಿ. ಕೆಳಗಿನ ಜೊತೆಯಲ್ಲಿ ಲೇಸು ಹೊರಗೆ ಅಡ್ಡಲಾಗಿ ಬಂದು ಎರಡೂ ತುದಿ ಒಳಕ್ಕೆ ಹೋಗುತ್ತವೆ. ಬಲ ತುದಿ ಒಳಗಿನಿಂದಲೇ ಬಲಪಕ್ಕದ ಎರಡನೆಯ ತೂತಿಗೆ ಏರಿ ಹೊರಬಂದು, ಅಡ್ಡಲಾಗಿ ಎಡದ ಎರಡನೆಯದಕ್ಕೆ ಇಳಿಯುತ್ತದೆ. ಎಡ ತುದಿ ಎರಡನೆಯದನ್ನು ಬಿಟ್ಟು ಎಡಪಕ್ಕದ ಮೂರನೆಯದಕ್ಕೆ ಏರಿ, ಅಡ್ಡಲಾಗಿ ಬಲದ ಮೂರನೆಯದಕ್ಕೆ ಇಳಿಯುತ್ತದೆ. ಹೀಗೆ ಒಂದು ತುದಿಗೆ ಎರಡು, ನಾಲ್ಕು, ಆರು, ಇನ್ನೊಂದಕ್ಕೆ ಮೂರು, ಐದು. ಆರು ಜೊತೆ ಇದ್ದರೆ ಕೊನೆಗೆ ತುದಿಗಳು ಎರಡು ಪಕ್ಕದಲ್ಲಿ ಬರುತ್ತವೆ. ಐದು ಅಥವಾ ಏಳು ಇದ್ದರೆ ಎರಡೂ ಒಂದೇ ಪಕ್ಕದಲ್ಲಿ ಬಂದು ನಿಲ್ಲುತ್ತವೆ, ಒಂದು ಜೊತೆಯನ್ನು ಬಿಟ್ಟೇ ಪೋಣಿಸಬೇಕು. ಚರ್ಮದ ಆಫೀಸ್ ಶೂಗಳಿಗೆ ಇದು ಬಹಳ ಚಂದ. ಆದರೆ ಹೆಣಿಗೆಯ ಮಧ್ಯೆ ಎಳೆದು ಹದ ಮಾಡುವುದು ನಿಧಾನ, ಅದಕ್ಕೇ ನಿಮ್ಮ ಓಟದ ಶೂಗೆ ಇದನ್ನು ಹೇಳುತ್ತಿಲ್ಲ.

ಕೊನೆಯ ತೂತು ಅಲಂಕಾರಕ್ಕೆ ಇರುವುದಲ್ಲ. ಜರ್ಮನಿಯಲ್ಲಿ ಓಟಗಾರರ ಮೇಲೆ ಬೇರೆಬೇರೆ ಹೆಣಿಗೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಹಾಗೆನ್ ಮತ್ತು ಹೆನಿಗ್ ಅವರ ಅಧ್ಯಯನದಲ್ಲಿ, ಆರು ತೂತಿನ ಮಾಮೂಲಿ ಹೆಣಿಗೆಗಿಂತ ಏಳೂ ತೂತು ಬಳಸಿದಾಗ ಕಾಲಿಗೆ ಹೊಡೆತ ಏರುವ ವೇಗವೂ ಹಿಮ್ಮಡಿಯ ಕೆಳಗಿನ ಒತ್ತಡವೂ ಕಡಿಮೆಯಿದ್ದವು. ಹಾಕಿಕೊಂಡವರಿಗೆ ಹಿತದಲ್ಲಿ ವ್ಯತ್ಯಾಸ ಅನ್ನಿಸಲಿಲ್ಲ. ತೀರಾ ಬಿಗಿಯಾದ ಹೆಣಿಗೆಯೂ ಪಾದವನ್ನು ಚೆನ್ನಾಗಿ ಹಿಡಿಯಿತು. ‘ಬಿಗಿಯಾಗಿದ್ದಷ್ಟೂ ಒಳ್ಳೆಯದು’ ಎಂಬ ಮಾತಿನಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಆದರೆ ಜೋಮು ಹಿಡಿಯುವವರು ಆ ದಾರಿ ಹಿಡಿಯಬಾರದು. ಒಂದು ತೂತು ಮೇಲಕ್ಕೆ ಪೋಣಿಸಿದರೆ ಬಿಗಿಯದೆಯೇ ಹಿಡಿತ ಸಿಗುತ್ತದೆ. ಉಳುಕನ್ನು ಮಾತ್ರ ಯಾವ ಹೆಣಿಗೆಯೂ ತಡೆಯುತ್ತದೆ ಎಂದು ನಂಬಬೇಡಿ. ಕಣಕಾಲಿನ ಕೆಳಗೇ ಮುಗಿಯುವ ಶೂಗೆ ಆ ಕೆಲಸ ಆಗುವುದಿಲ್ಲ.

ಹಿಮ್ಮಡಿ ಕಟ್ಟು ಹೀಗೆ: ಆರನೆಯ ಜೊತೆಯವರೆಗೆ ಮಾಮೂಲಿನಂತೆ ಪೋಣಿಸಿ. ಆರನೆಯದರಿಂದ ಹೊರಬಂದ ತುದಿಯನ್ನು ದಾಟಿಸದೆ ಅದೇ ಪಕ್ಕದ ಏಳನೆಯ ತೂತಿಗೆ ಮೇಲಿನಿಂದ ಒಳಕ್ಕೆ ಹಾಕಿ. ಆರು ಏಳರ ಮಧ್ಯೆ ಕಿರುಬೆರಳು ಹೋಗುವಷ್ಟು ಕುಣಿಕೆ ಉಳಿಯಲಿ. ಇನ್ನೊಂದು ಪಕ್ಕವೂ ಹಾಗೇ. ಈಗ ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಒಂದೆರಡು ಸಲ ಕುಟ್ಟಿ ಶೂನ ಹಿಂಭಾಗಕ್ಕೆ ಕೂರಿಸಿ, ಆಮೇಲೆ ತುದಿಗಳನ್ನು ಎರಡು ಪಕ್ಕಕ್ಕೆ, ತುಸು ಕೆಳಮುಖವಾಗಿ ಎಳೆದು ಗಂಟು ಹಾಕಿ. ಮೇಲಕ್ಕೆ ಎಳೆದರೆ ಕುಣಿಕೆ ಬಿಗಿಯುವುದಿಲ್ಲ. ಹೀಗೆ ಕಟ್ಟಿದಾಗ ಎಳೆತ ಓರೆಯಾಗಿ ಹಿಂದಕ್ಕೆ ಬಿದ್ದು ಹಿಮ್ಮಡಿ ಶೂನ ಬೆನ್ನಿಗೆ ಒತ್ತಿ ನಿಲ್ಲುತ್ತದೆ. ಹೆಣಿಗೆಯ ಕೆಳಭಾಗವನ್ನು ನೀವು ಧೈರ್ಯವಾಗಿ ಸಡಿಲಿಸಬಹುದು. ಒಂದು ಎಚ್ಚರಿಕೆ: ಈ ಕಟ್ಟು ಚಿಕ್ಕ ಎಳೆತಕ್ಕೂ ಹೆಚ್ಚು ಬಿಗಿಯುತ್ತದೆ. ಕಣಕಾಲಿನ ಮುಂಭಾಗದ ದಪ್ಪ ಸ್ನಾಯುರಜ್ಜು ನೋಯಲು ಶುರುವಾದರೆ ಒಂದು ಬೆರಳು ತೂರುವಷ್ಟು ಸಡಿಲ ಮಾಡಿ.

ಸೈಜಿನ ಮಾತು. ಸಂಜೆ ಹೊತ್ತು, ನಡಿಗೆಗೆ ಹಾಕುವ ಕಾಲುಚೀಲ ಹಾಕಿ, ಎದ್ದು ನಿಂತು ನೋಡಿ. ಅತಿ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದ ಹತ್ತಿರ, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಇದ್ದರೆ ಸೈಜು ಸರಿಯಿದೆ. ಅದಿಲ್ಲದಿದ್ದರೆ ನಿಮ್ಮ ಜೊತೆಯವರ ಮಾತೇ ನಿಜ, ಯಾವ ಹೆಣಿಗೆಯೂ ಉಗುರನ್ನು ಉಳಿಸುವುದಿಲ್ಲ. ಜಾಗ ಸಾಕಷ್ಟಿದ್ದೂ ಉಗುರು ಕಪ್ಪಾಗಿದ್ದರೆ ಕಾರಣ ಜಾರುವಿಕೆ. ಆಗ ಇನ್ನೂ ದೊಡ್ಡ ಶೂ ತಂದರೆ ಪಾದ ಇನ್ನಷ್ಟು ಓಡಾಡುತ್ತದೆ. ಕುಮಾರ ಪರ್ವತದ ತುದಿ 1,712 ಮೀಟರ್. ಅಲ್ಲಿಂದ ಕುಕ್ಕೆ ಕಡೆಗೆ ಇಳಿಯುವ ಉದ್ದಕ್ಕೂ ಪ್ರತಿ ಹೆಜ್ಜೆಗೆ ಬೆರಳು ಶೂನ ಮುಂಭಾಗಕ್ಕೆ ತಾಗುತ್ತಿದ್ದರೆ ಉಗುರಿನ ಕೆಳಗೆ ರಕ್ತ ಕಟ್ಟದೆ ಇರುವುದಿಲ್ಲ.

ಚಾರಣದಲ್ಲಿ ಇಳಿಯಲು ಶುರು ಮಾಡುವ ಮುನ್ನ ಕೂತು ಲೇಸನ್ನು ಹೊಸದಾಗಿ ಕಟ್ಟಿಕೊಳ್ಳಿ. ಬೆರಳ ಕಡೆಯ ಎರಡು ಜೊತೆ ಸಡಿಲ, ನಡುಭಾಗ ಹದವಾದ ಬಿಗಿ, ಮೇಲೆ ಹಿಮ್ಮಡಿ ಕಟ್ಟು. ಬೂಟಿಗೆ ಕೊಕ್ಕೆಗಳಿದ್ದರೆ ಕಣಕಾಲು ಮಡಚುವ ಜಾಗದಲ್ಲಿ ಎರಡು ತುದಿಗಳನ್ನು ಒಂದರ ಸುತ್ತ ಒಂದು ಎರಡು ಸಲ ಸುತ್ತಿ ಎಳೆಯಿರಿ. ಆ ತಿರುವು ಬೀಗದಂತೆ ನಿಂತು, ಕೆಳಗಿನ ಬಿಗಿ ಮೇಲಕ್ಕೂ ಮೇಲಿನದು ಕೆಳಕ್ಕೂ ಹರಿಯದಂತೆ ತಡೆಯುತ್ತದೆ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತದಂತೆ ಕಾಲುಚೀಲ ಹಾಕುವವರು ಅದರ ದಪ್ಪಕ್ಕೆ ತಕ್ಕಂತೆ ಬೆರಳ ಕಡೆ ಇನ್ನಷ್ಟು ಸಡಿಲಿಸಬೇಕು. ಉಗುರನ್ನು ಹೊರಡುವ ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿಕೊಳ್ಳಿ.

ಹೆಬ್ಬೆರಳ ಮೇಲಿನ ಬಟ್ಟೆಯನ್ನು ಎತ್ತಿ ಹಿಡಿಯುವ ಇನ್ನೊಂದು ಹೆಣಿಗೆ ಇದೆ. ಹೆಬ್ಬೆರಳ ಪಕ್ಕದ ಮೊದಲ ತೂತಿನಿಂದ ಒಂದು ತುದಿಯನ್ನು ಎದುರು ಪಕ್ಕದ ತುತ್ತತುದಿಯ ತೂತಿಗೆ ಓರೆಯಾಗಿ ಎಳೆದು, ಉಳಿದ ತೂತುಗಳನ್ನು ಇನ್ನೊಂದು ತುದಿಯಿಂದಲೇ ಹೆಣೆಯುವುದು. ಮೆತ್ತಗಿನ ಜಾಲರಿ ಬಟ್ಟೆಯ ಶೂಗಳಲ್ಲಿ ಸ್ವಲ್ಪ ಗುಣ ಕಾಣುತ್ತದೆ, ಗಡುಸು ಚರ್ಮದಲ್ಲಿ ಏನೂ ಆಗುವುದಿಲ್ಲ. ನಡುಭಾಗದ ಹಿಡಿತ ಕಡಿಮೆಯಾಗುವುದರಿಂದ ಉಗುರು ವಾಸಿಯಾಗುವವರೆಗೆ, ಸಮತಟ್ಟು ನಡಿಗೆಗೆ ಮಾತ್ರ ಇಟ್ಟುಕೊಳ್ಳಿ. ರಬ್ಬರಿನಂತೆ ಹಿಗ್ಗುವ ಲೇಸುಗಳ ಬಗ್ಗೆಯೂ ಕೇಳುವವರಿದ್ದಾರೆ. ಬಗ್ಗಲು ಆಗದ ಹಿರಿಯರಿಗೆ ಅವು ನಿಜಕ್ಕೂ ಅನುಕೂಲ, ಇಳಿಜಾರಿಗೆ ಬೇಡ.

ನಿಮ್ಮ ಮಟ್ಟಿಗೆ ಕ್ರಮ ಹೀಗಿರಲಿ. ಮೊದಲ ವಾರ ಗಂಟನ್ನು ತಿರುಗಿಸಿ ಮತ್ತು ಏಳನೆಯ ತೂತಿನ ಹಿಮ್ಮಡಿ ಕಟ್ಟು ಹಾಕಿ, ಕೆಳಗಿನ ಬಿಗಿಯನ್ನು ಇಳಿಸಿ. ಜೋಮು ಅಷ್ಟಕ್ಕೇ ಹೋಗಬಹುದು. ಉಳಿದರೆ ಎರಡನೆಯ ವಾರ ಕಿಟಕಿ ಬಿಡಿ. ಎಲ್ಲವನ್ನೂ ಒಂದೇ ದಿನ ಮಾಡಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಲೇಸು ಸಡಿಲಿಸಿದ ಮೇಲೂ ಜೋಮು ಹೋಗದಿದ್ದರೆ, ಬರಿಗಾಲಲ್ಲಿದ್ದಾಗಲೂ ಬಂದರೆ, ಎರಡೂ ಪಾದಗಳಲ್ಲಿ ಉರಿ ಅಥವಾ ಮರಗಟ್ಟುವಿಕೆ ಇದ್ದರೆ, ಹೆಬ್ಬೆರಳನ್ನು ಮೇಲೆತ್ತಲು ಬಲ ಸಾಲದೆ ಹೋದರೆ ವೈದ್ಯರಿಗೆ ತೋರಿಸಿ. ಮೂರು ಮತ್ತು ನಾಲ್ಕನೆಯ ಬೆರಳ ಮಧ್ಯೆ ಚುಚ್ಚುವ ನೋವು ಬರುವುದು ಬೇರೆಯೇ ನರದ ತೊಂದರೆ, ಅದಕ್ಕೆ ಮುಂಭಾಗ ಅಗಲವಾದ ಶೂ ಬೇಕಾಗುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಬರೆದಿಲ್ಲ. ಇದ್ದರೆ ಎರಡು ವಾರ ಕಾಯುವುದೂ ಬೇಡ. ಪಾದದ ಸ್ಪರ್ಶ ಕಡಿಮೆಯಾದವರಿಗೆ ಲೇಸು ಒತ್ತಿ ಗಾಯವಾದರೂ ಗೊತ್ತಾಗುವುದಿಲ್ಲ, ಆದ್ದರಿಂದ ಮೊದಲು ಪಾದದ ಪರೀಕ್ಷೆ ಮಾಡಿಸಿ. ಕಪ್ಪಾದ ಉಗುರು ನೋವಿಲ್ಲದಿದ್ದರೆ ಅದರ ಪಾಡಿಗೆ ಬಿಡಿ, ಹೊಸದು ಬೆಳೆದು ಬರಲು ತಿಂಗಳುಗಳೇ ಹಿಡಿಯುತ್ತವೆ. ಮಿಡಿಯುವ ನೋವು, ಕೀವು ಅಥವಾ ಸುತ್ತ ಕೆಂಪು ಕಂಡರೆ ಮನೆಯಲ್ಲಿ ಸೂಜಿ ಚುಚ್ಚಬೇಡಿ, ಆಸ್ಪತ್ರೆಗೆ ಹೋಗಿ.